ಓಣಿಯ ಚಿಕ್ಕ ಮಕ್ಕಳಿಗೆ ಕ್ರಿಸ್‌ಮಸ್ ಸಂಜೆ ಯಾವ ಚಲನಚಿತ್ರ ತೋರಿಸಬಹುದು?

ಗಾಂಧಿನಗರದ ಗೃಹಿಣಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ಮೂಲೆಮನೆಯಲ್ಲಿರುವ ಕ್ರೈಸ್ತ ಕುಟುಂಬದವರು ಪ್ರತಿವರ್ಷ ಡಿಸೆಂಬರ್ 25ರಂದು ಎಲ್ಲ ಮನೆಗಳಿಗೂ ಕೇಕು, ಕರ್ಜಿಕಾಯಿ ಹಂಚುತ್ತಾರೆ. ಈ ಸಲ ಅಂದು ಸಂಜೆ ಅವರ ಮಾಳಿಗೆಯ ಮೇಲೆ ಬಿಳಿ ಬಟ್ಟೆ ಕಟ್ಟಿ, ಬಾಡಿಗೆಗೆ ಪ್ರೊಜೆಕ್ಟರ್ ತಂದು, ಓಣಿಯ ಮಕ್ಕಳಿಗೆಲ್ಲ ಕ್ರಿಸ್‌ಮಸ್ಸಿಗೆ ಸಂಬಂಧಿಸಿದ ಚಲನಚಿತ್ರವೊಂದನ್ನು ತೋರಿಸೋಣವೆಂದು ಹಿರಿಯರು ಮಾತಾಡಿಕೊಂಡಿದ್ದಾರೆ. ಚಿತ್ರವನ್ನು ಆರಿಸುವ ಹೊಣೆ ನನ್ನ ಹೆಗಲಿಗೆ ಬಂದಿದೆ.

ಮಕ್ಕಳಲ್ಲಿ ಎಲ್ಲರಿಗಿಂತ ಚಿಕ್ಕವಳಿಗೆ ಈಗಷ್ಟೇ ಮೂರು ವರ್ಷ ತುಂಬಿದೆ, ಎಲ್ಲರಿಗಿಂತ ದೊಡ್ಡವನು ಮೂರನೆಯ ತರಗತಿಯಲ್ಲಿದ್ದಾನೆ. ಮನೆಗಳಲ್ಲಿ ಕೆಲವರು ಕನ್ನಡ, ಕೆಲವರು ತೆಲುಗು, ಇನ್ನು ಕೆಲವರು ಉರ್ದು ಮಾತಾಡುತ್ತಾರೆ. ಓಣಿಯಲ್ಲಿ ಆಡುವಾಗ ಮೂರನ್ನೂ ಕಲಸಿ ಮಾತಾಡುವ ಈ ಮಕ್ಕಳಿಗೆ ಇಂಗ್ಲಿಷ್ ಸಂಭಾಷಣೆ ಎಷ್ಟರಮಟ್ಟಿಗೆ ತಲೆಗೆ ಹೋಗುತ್ತದೆಯೋ ಹೇಳಲಾರೆ. ಅಂತರ್ಜಾಲದಲ್ಲಿ ಹುಡುಕಿದರೆ 'ಕುಟುಂಬದೊಂದಿಗೆ ನೋಡಬಹುದಾದ ಕ್ರಿಸ್‌ಮಸ್ ಚಿತ್ರಗಳು' ಎಂಬ ಪಟ್ಟಿಗಳೇನೋ ಬೇಕಾದಷ್ಟು ಸಿಗುತ್ತವೆ. ಆದರೆ ಅವುಗಳಲ್ಲಿ ಮೂರು ವರ್ಷದ ಮಗುವಿಗೂ ಹದಿಮೂರು ವರ್ಷದ ಹುಡುಗನಿಗೂ ವ್ಯತ್ಯಾಸವೇ ಇಲ್ಲವೆಂಬಂತೆ ಎಲ್ಲವನ್ನೂ ಒಂದೇ ರಾಶಿಗೆ ಹಾಕಿರುತ್ತಾರೆ. ಮಕ್ಕಳು ರಾತ್ರಿ ಹೆದರಿ ಎದ್ದು ಕೂರಬಾರದು, ಮೂಲೆಮನೆಯವರ ಹಬ್ಬಕ್ಕೆ ಕುಂದು ಬರುವಂಥದ್ದೇನೂ ಚಿತ್ರದಲ್ಲಿ ಇರಬಾರದು, ದೊಡ್ಡ ಮಕ್ಕಳು ಆಕಳಿಸಲೂ ಬಾರದು. ಇಂಥ ಚಿತ್ರ ಇದೆಯೇ? ನೋಡಿ ತಿಳಿದವರು ದಯವಿಟ್ಟು ಹೇಳಬೇಕು.

ಶಿಶುವಿಹಾರದ ಶಿಕ್ಷಕಿ, ಸಿರುಗುಪ್ಪ

ಮೇಡಂ, ನೀವು ಹೇಳಿದ ತೊಡಕುಗಳಲ್ಲಿ ಭಾಷೆಯದೇ ಎಲ್ಲಕ್ಕಿಂತ ದೊಡ್ಡದೆಂದು ನನಗನ್ನಿಸುತ್ತದೆ, ಏಕೆಂದರೆ ಮಾತು ಅರ್ಥವಾಗದ ಮಗು ಹತ್ತು ನಿಮಿಷ ಸುಮ್ಮನೆ ಕೂತು ಆಮೇಲೆ ಪಕ್ಕದ ಮಗುವನ್ನು ಚಿವುಟಲು ಶುರುಮಾಡುತ್ತದೆ. ಕನ್ನಡಕ್ಕೆ ಡಬ್ಬಿಂಗ್ ದಶಕಗಳ ಕಾಲ ನಡೆಯದೆ ಇದ್ದುದರಿಂದ ಇಂಥ ಚಿತ್ರಗಳು ಹಿಂದಿ, ತೆಲುಗಿನಲ್ಲಿ ಸಿಕ್ಕಷ್ಟು ಸುಲಭವಾಗಿ ನಮ್ಮ ಭಾಷೆಯಲ್ಲಿ ಸಿಗುವುದಿಲ್ಲ. ಆದ್ದರಿಂದ ಮಾತೇ ಇಲ್ಲದ ಚಿತ್ರಗಳನ್ನು ಮೊದಲು ನೋಡಿ ಎಂಬುದು ನನ್ನ ಸಲಹೆ.

ಅವುಗಳಲ್ಲಿ ಮೊದಲ ಸ್ಥಾನವನ್ನು ನಾನು 'ದಿ ಸ್ನೋಮ್ಯಾನ್' ಎಂಬ ಬ್ರಿಟಿಷ್ ಚಿತ್ರಕ್ಕೆ ಕೊಡುತ್ತೇನೆ. ರೇಮಂಡ್ ಬ್ರಿಗ್ಸ್ ಅವರ 1978ರ ಚಿತ್ರಪುಸ್ತಕವನ್ನು ಆಧರಿಸಿ 1982ರಲ್ಲಿ ತಯಾರಾದ ಇದರ ಅವಧಿ ಸುಮಾರು 26 ನಿಮಿಷ. ಆರಂಭದ ಕಿರುಪರಿಚಯವನ್ನೂ ನಡುವಿನ ಒಂದು ಹಾಡನ್ನೂ ಬಿಟ್ಟರೆ ಇಡೀ ಕಥೆ ಸಂಗೀತದ ಮೇಲೆಯೇ ಸಾಗುತ್ತದೆ. ಬಣ್ಣದ ಸೀಸದಕಡ್ಡಿಯಿಂದ ತೀಡಿದಂತಿರುವ ಮೃದುವಾದ ಚಿತ್ರಗಳು, ಕಣ್ಣು ಕುಕ್ಕುವ ಬಣ್ಣವಿಲ್ಲ, ಕ್ಷಣಕ್ಕೊಮ್ಮೆ ಬದಲಾಗುವ ದೃಶ್ಯಗಳಿಲ್ಲ. ಹುಡುಗನೊಬ್ಬ ಮಾಡಿದ ಹಿಮದ ಗೊಂಬೆಗೆ ನಡುರಾತ್ರಿ ಜೀವ ಬರುತ್ತದೆ. ಹುಡುಗ ಅದನ್ನು ಸದ್ದಿಲ್ಲದೆ ಮನೆಯೊಳಗೆ ಕರೆದೊಯ್ದು ಒಂದೊಂದೇ ವಸ್ತುವನ್ನು ತೋರಿಸುತ್ತಾನೆ; ಅಡುಗೆಮನೆಯಲ್ಲಿ ಗೊಂಬೆ ಬೇರೆ ಬೇರೆ ಹಣ್ಣುಗಳನ್ನು ತನ್ನ ಮೂಗಿನ ಜಾಗಕ್ಕೆ ಇಟ್ಟು ನೋಡಿಕೊಳ್ಳುತ್ತದೆ. ಒಲೆಯ ಶಾಖಕ್ಕೆ ಬೆದರುವ ಅದು ಕೊನೆಗೆ ಫ್ರೀಜರ್ ಪೆಟ್ಟಿಗೆಯೊಳಗೆ ಹಾಯಾಗಿ ಮಲಗಿಬಿಡುವ ದೃಶ್ಯವೊಂದಿದೆ. ಏಪ್ರಿಲ್ ತಿಂಗಳಲ್ಲಿ ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡು ಅದರ ಮುಂದೆ ನಿಂತು ಬೈಸಿಕೊಳ್ಳುವ ನಮ್ಮ ಕಡೆಯ ಮಕ್ಕಳಿಗೆ ಆ ದೃಶ್ಯವನ್ನು ಯಾರೂ ವಿವರಿಸಬೇಕಾಗಿಲ್ಲ.

ಒಂದು ವಿಷಯವನ್ನು ಮಾತ್ರ ನೀವು ಮುಂಚಿತವಾಗಿಯೇ ತಿಳಿದಿರಬೇಕು: ಬೆಳಗಾಗುವಷ್ಟರಲ್ಲಿ ಗೊಂಬೆ ಕರಗಿಹೋಗಿರುತ್ತದೆ. ಅಂಗಳದಲ್ಲಿ ಅದರ ಟೊಪ್ಪಿಗೆ ಮತ್ತು ಶಾಲು ಮಾತ್ರ ಉಳಿದಿರುತ್ತವೆ, ಹುಡುಗನು ಮಂಡಿಯೂರಿ ಕುಳಿತಿರುವಾಗಲೇ ಚಿತ್ರ ಮುಗಿಯುತ್ತದೆ. ನಾಲ್ಕೈದು ವರ್ಷದ ಮಕ್ಕಳಲ್ಲಿ ಕೆಲವರು ಇಲ್ಲಿ ಅಳುತ್ತಾರೆ. ಅಳುತ್ತಾರೆಂಬ ಕಾರಣಕ್ಕೆ ಈ ಚಿತ್ರವನ್ನು ಕೈಬಿಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಹೆದರಿಕೆಯ ಅಳುವೇ ಬೇರೆ, ಮರುಕದ ಅಳುವೇ ಬೇರೆ, ಎರಡನೆಯದು ಮಗುವಿನ ನಿದ್ದೆಯನ್ನು ಕೆಡಿಸುವುದಿಲ್ಲ. ಆದರೆ ಇತ್ತೀಚೆಗೆ ಮನೆಯಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಕಳೆದುಕೊಂಡ ಮಗುವಿದ್ದರೆ ಅದರ ತಾಯಿಗೆ ಮೊದಲೇ ಒಂದು ಮಾತು ತಿಳಿಸಿಡಿ. 2012ರಲ್ಲಿ ಬಂದ ಇದರ ಮುಂದುವರಿದ ಭಾಗ 'ದಿ ಸ್ನೋಮ್ಯಾನ್ ಅಂಡ್ ದಿ ಸ್ನೋಡಾಗ್' ಆರಂಭದಲ್ಲಿಯೇ ಮುದಿನಾಯಿಯ ಸಾವನ್ನು ತೋರಿಸುವುದರಿಂದ ಈ ಗುಂಪಿಗೆ ಅದು ಬೇಡ.

ಎರಡನೆಯದಾಗಿ, ಕುರಿಮರಿ ಷಾನ್‌ನ ಕ್ರಿಸ್‌ಮಸ್ ಚಿತ್ರ 'ದಿ ಫ್ಲೈಟ್ ಬಿಫೋರ್ ಕ್ರಿಸ್‌ಮಸ್'. 2021ರಲ್ಲಿ ಬಂದದ್ದು, ಅರ್ಧ ಗಂಟೆಯದು. ಇದರಲ್ಲಿ ಮನುಷ್ಯರೂ ಸಹ ಮಾತಾಡದೆ ಗೊಣಗುತ್ತಾರಷ್ಟೆ. ಪುಟ್ಟ ಮರಿಯೊಂದು ತಪ್ಪಿಸಿಕೊಂಡು ಬೇರೆಯವರ ಮನೆ ಸೇರುತ್ತದೆ, ಉಳಿದ ಕುರಿಗಳು ಅದನ್ನು ಹುಡುಕಿ ಹೊರಡುತ್ತವೆ. ತಾಯಿಯಿಂದ ಮರಿ ದೂರವಾಗುವ ಕಥೆಯಾದರೂ ಎಲ್ಲವೂ ಹಾಸ್ಯದಲ್ಲೇ ಸಾಗುವುದರಿಂದ ಆತಂಕ ನಿಲ್ಲುವುದಿಲ್ಲ.

ಎರಡೂ ಸೇರಿದರೆ ಒಂದು ಗಂಟೆಯೂ ಆಗುವುದಿಲ್ಲ. ಎರಡರಿಂದ ಐದು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆ ನೋಡಬಾರದೆಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿ ಹೇಳುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿರುವುದೂ ಹೆಚ್ಚುಕಡಿಮೆ ಇದನ್ನೇ. ಒಂದೂವರೆ ಗಂಟೆಯ ಒಂದು ಚಿತ್ರವನ್ನು ಹಾಕಿ ಮಕ್ಕಳನ್ನು ಕಟ್ಟಿಹಾಕುವುದಕ್ಕಿಂತ, ನಡುವೆ ವಗ್ಗರಣಿ-ಮಿರ್ಚಿಗೆ ಬಿಡುವು ಕೊಟ್ಟು ಎರಡು ಕಿರುಚಿತ್ರ ತೋರಿಸುವುದು ಲೇಸು. ಮಿರ್ಚಿ ದೊಡ್ಡವರಿಗೆ ಎಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಸಂಡೂರಿನ ಸಿನಿಮಾಪ್ರಿಯ

ಇಷ್ಟೆಲ್ಲ ಯೋಚಿಸಬೇಕೇ ಅಕ್ಕಾ? 'ಹೋಮ್ ಅಲೋನ್' ಹಾಕಿಬಿಡಿ. 1990ರಿಂದ ಇಂದಿನವರೆಗೆ ಅದನ್ನು ನೋಡಿ ನಗದ ಮಕ್ಕಳಿಲ್ಲ. ಅದೂ ಬೇಡವೆಂದರೆ ಮಿಸ್ಟರ್ ಬೀನ್‌ನ ಕ್ರಿಸ್‌ಮಸ್ ಕಂತು ಇದೆ, 1992ರದ್ದು, ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಮಾತೂ ಇಲ್ಲವೆನ್ನುವಷ್ಟು ಕಡಿಮೆ. ಟರ್ಕಿ ಕೋಳಿಯೊಳಗೆ ಅವನ ತಲೆ ಸಿಕ್ಕಿಕೊಳ್ಳುವ ದೃಶ್ಯಕ್ಕೆ ನಿಮ್ಮ ಮಾಳಿಗೆಯೇ ನಡುಗುವಂತೆ ನಗುತ್ತಾರೆ.

ಇಬ್ಬರು ಮಕ್ಕಳ ತಂದೆ, ರಾಯಚೂರು

ಸಂಡೂರಿನ ಗೆಳೆಯರ ಉತ್ಸಾಹವನ್ನು ಒಪ್ಪುತ್ತಲೇ ಒಂದು ತಕರಾರನ್ನು ದಾಖಲಿಸುತ್ತೇನೆ. 'ಹೋಮ್ ಅಲೋನ್' ಚಿತ್ರವು ನಾವು ನೆನಪಿಟ್ಟುಕೊಂಡಿರುವುದಕ್ಕಿಂತ ಹೆಚ್ಚು ಒರಟಾಗಿದೆ. ಕಾದ ಬಾಗಿಲಹಿಡಿಯಿಂದ ಕಳ್ಳನ ಅಂಗೈ ಸುಡುತ್ತದೆ, ಮೇಲಿನಿಂದ ಬಿದ್ದ ಇಸ್ತ್ರಿಪೆಟ್ಟಿಗೆ ಮುಖಕ್ಕೆ ಬಡಿಯುತ್ತದೆ, ಬರಿಗಾಲಿಗೆ ಮೊಳೆ ಹೊಗುತ್ತದೆ, ಒಬ್ಬನ ತಲೆಗೆ ಬೆಂಕಿ ತಗಲುತ್ತದೆ. ಎಂಟು ವರ್ಷದ ಮಗುವಿಗೆ ಇದೆಲ್ಲ ಕೀಟಲೆಯೆಂದು ಗೊತ್ತಾಗುತ್ತದೆ. ಮೂರು-ನಾಲ್ಕು ವರ್ಷದ ಮಗು ಕಂಡದ್ದನ್ನು ಮಾಡಿನೋಡುವ ವಯಸ್ಸಿನದು, ಇಸ್ತ್ರಿಪೆಟ್ಟಿಗೆಯೋ ಪ್ರತಿ ಮನೆಯಲ್ಲೂ ಕೈಗೆಟುಕುವಂತೆ ಇರುತ್ತದೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅಪ್ಪ-ಅಮ್ಮ ತನ್ನನ್ನು ಮರೆತು ಊರಿಗೆ ಹೋಗಿಬಿಟ್ಟರು ಎಂಬ ಸಂಗತಿಯಲ್ಲಿ ನಮಗೆ ಕಾಣುವ ತಮಾಷೆ ಚಿಕ್ಕ ಮಗುವಿಗೆ ಕಾಣುವುದಿಲ್ಲ. ನಾವು ನಗುತ್ತಿರುವಾಗ ಅದು ಮೆಲ್ಲನೆ ತಾಯಿಯ ಸೆರಗು ಹಿಡಿಯುತ್ತದೆ.

ಅಮೆರಿಕದಲ್ಲಿ ಆ ಚಿತ್ರಕ್ಕೆ ಕೊಟ್ಟಿರುವುದು 'ಪಿಜಿ', ಎಂದರೆ ತಂದೆತಾಯಿಯರು ನೋಡಿಕೊಂಡು ತೋರಿಸಲಿ ಎಂಬ ದರ್ಜೆ. ಪ್ರಮಾಣಪತ್ರವನ್ನೇ ನೆಚ್ಚಿಕೊಳ್ಳುವವರು ಅದರ ಮಿತಿಯನ್ನೂ ತಿಳಿದಿರಬೇಕು. ನಮ್ಮಲ್ಲಿ ಬಹುಕಾಲ 'ಯು', 'ಯುಎ', 'ಎ' ಎಂಬ ಸ್ಥೂಲ ವಿಂಗಡಣೆಯಿತ್ತು, 'ಯುಎ' ಎಂದರೆ ಹನ್ನೆರಡು ವರ್ಷದೊಳಗಿನವರಿಗೆ ಪೋಷಕರ ಮಾರ್ಗದರ್ಶನ ಬೇಕೆಂದಷ್ಟೇ ಅರ್ಥ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದು ಅದನ್ನು ಯುಎ 7+, 13+, 16+ ಎಂದು ಒಡೆಯಲಾಯಿತು. ಓಟಿಟಿ ವೇದಿಕೆಗಳು ಇಂಥ ವಯೋಮಿತಿಯನ್ನು ತೋರಿಸಬೇಕೆಂಬ ನಿಯಮ 2021ರಿಂದಲೇ ಇದೆ. ಚಿತ್ರ ಆರಂಭವಾಗುವಾಗ ಪರದೆಯ ಮೂಲೆಯಲ್ಲಿ ಬರುವ ಆ ಅಂಕಿಯನ್ನು ದಯವಿಟ್ಟು ಗಮನಿಸಿ, ಅದರ ಜೊತೆಗೆ ಹಿಂಸೆ, ಭಯ, ಭಾಷೆ ಎಂದು ಸಣ್ಣಕ್ಷರದಲ್ಲಿ ಬರೆದಿರುವುದನ್ನೂ ಓದಿ. ಆದರೆ ಏಳು ವರ್ಷಕ್ಕಿಂತ ಕೆಳಗಿನ ಮಕ್ಕಳಲ್ಲಿ ಮೂರರವರೂ ಇದ್ದಾರೆ, ಆರರವರೂ ಇದ್ದಾರೆ. ಆ ವ್ಯತ್ಯಾಸವನ್ನು ಯಾವ ಮಂಡಳಿಯೂ ನಮಗಾಗಿ ಅಳೆದು ಕೊಡುವುದಿಲ್ಲ. ಯಾರಾದರೊಬ್ಬರು ಹಿರಿಯರು ಪೂರ್ತಿ ಚಿತ್ರವನ್ನು ಮುಂಚೆ ನೋಡುವುದೇ ದಾರಿ.

ಭಿತ್ತಿಚಿತ್ರವನ್ನು ನಂಬಿ ಮೋಸಹೋಗಬೇಡಿ ಎಂಬುದಕ್ಕೆ ಹಳೆಯ ನಿದರ್ಶನವೊಂದಿದೆ. 1984ರ 'ಗ್ರೆಮ್ಲಿನ್ಸ್' ಚಿತ್ರದಲ್ಲಿ ಮುದ್ದಾದ ಪ್ರಾಣಿ, ಹಿಮ, ಕ್ರಿಸ್‌ಮಸ್ ಮರ ಎಲ್ಲವೂ ಇವೆ. ಒಳಗೆ ನೋಡಿದರೆ ಅದು ಅರ್ಧಕ್ಕರ್ಧ ಭಯಾನಕ ಚಿತ್ರ. ಸಾಂತಾಕ್ಲಾಸ್ ಇಲ್ಲವೆಂಬುದು ತನಗೆ ಹೇಗೆ ತಿಳಿಯಿತೆಂದು ಯುವತಿಯೊಬ್ಬಳು ಹೇಳುವ ಘೋರವಾದ ಮಾತೂ ಅದರಲ್ಲಿದೆ. ಅಮೆರಿಕದಲ್ಲಿ 'ಪಿಜಿ-13' ಎಂಬ ಹೊಸ ದರ್ಜೆ ಅದೇ ವರ್ಷ ಹುಟ್ಟಿದ್ದಕ್ಕೆ ಕಾರಣವಾದ ಚಿತ್ರಗಳಲ್ಲಿ ಇದೂ ಒಂದು.

ಕೌಲ್ ಬಜಾರಿನ ನಿವೃತ್ತ ನೌಕರ, ಬಳ್ಳಾರಿ

ಅಮ್ಮಾ, ನಿಮ್ಮ ಓಣಿಯವರ ಯೋಚನೆ ಕೇಳಿ ಸಂತೋಷವಾಯಿತು. ಹಬ್ಬ ಆಚರಿಸುವ ಮನೆಯವನಾಗಿ ಎರಡು ಮಾತು ಹೇಳುತ್ತೇನೆ.

ಮಿಸ್ಟರ್ ಬೀನ್ ಕಂತಿನಲ್ಲಿ ಆತ ಅಂಗಡಿಯೊಂದರಲ್ಲಿ ಇಟ್ಟಿರುವ, ಯೇಸುವಿನ ಜನನವನ್ನು ತೋರಿಸುವ ಗೋದಲಿಯ ಗೊಂಬೆಗಳೊಂದಿಗೆ ಆಡುತ್ತಾ ಅಲ್ಲಿಗೆ ಸೈನಿಕರನ್ನೂ ಡೈನೋಸಾರನ್ನೂ ತರುತ್ತಾನೆ. ನಾನು ಅದನ್ನು ನೋಡಿ ನಕ್ಕವನೇ. ಆದರೆ ಬಾಲಯೇಸುವಿನ ಗೋದಲಿ ಕೆಳಗಿನ ಪಡಸಾಲೆಯಲ್ಲಿರುವಾಗ ಮಾಳಿಗೆಯ ಮೇಲೆ ಈ ದೃಶ್ಯ ತೋರಿಸುವುದು ಕೆಲವು ಹಿರಿಯರಿಗೆ ಇರಿಸುಮುರಿಸಾಗಬಹುದು. ಮೂಲೆಮನೆಯವರನ್ನು ಒಂದು ಮಾತು ಕೇಳಿ ನಿರ್ಧರಿಸಿ.

ಇನ್ನೊಂದು ವಿಷಯ. ಕ್ರಿಸ್‌ಮಸ್ ಚಿತ್ರಗಳೆಂದು ಹೇಳುವ ಬಹುಪಾಲು ಚಿತ್ರಗಳಲ್ಲಿ ಹಿಮ, ಜಾರುಬಂಡಿ, ಉಡುಗೊರೆ, ಕೆಂಪಂಗಿಯ ತಾತ ಇರುತ್ತಾರೆ, ಯಾರ ಹುಟ್ಟುಹಬ್ಬವೋ ಅವರೇ ಇರುವುದಿಲ್ಲ. ಹುಟ್ಟಿನ ಕಥೆಯನ್ನೇ ಹೇಳುವ ಮಕ್ಕಳ ಚಿತ್ರ ಬೇಕಾದರೆ 2017ರ 'ದಿ ಸ್ಟಾರ್' ಇದೆ. ಯೇಸುವಿನ ತಾಯಿ ಮರಿಯಳನ್ನು ಬೆತ್ಲೆಹೇಮಿನವರೆಗೆ ಹೊತ್ತೊಯ್ಯುವ ಕತ್ತೆ ಮತ್ತು ಅದರ ಸಂಗಡಿಗರ ಕಣ್ಣಿನಿಂದ ಕಥೆಯನ್ನು ಹೇಳಿದ್ದಾರೆ. ರಾಜ ಹೆರೋದನು ಕಳುಹಿಸಿದ ಸೈನಿಕನೂ ಅವನ ಎರಡು ನಾಯಿಗಳೂ ಬೆನ್ನಟ್ಟುವ ಭಾಗ ಚಿಕ್ಕವರಿಗೆ ತುಸು ಬಿರುಸು. ಸುಮಾರು ಒಂದೂವರೆ ಗಂಟೆಯ ಚಿತ್ರವಾದ್ದರಿಂದ ಆರು ದಾಟಿದ ಮಕ್ಕಳಿಗೆ ಇದನ್ನು ಬೇರೆ ದಿನ ಇಟ್ಟುಕೊಳ್ಳಿ. 1965ರ 'ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್' ಅರ್ಧ ಗಂಟೆಯೊಳಗಿನದು. ಅದರಲ್ಲಿ ಲೈನಸ್ ಎಂಬ ಪುಟ್ಟ ಹುಡುಗ ವೇದಿಕೆಯ ಮೇಲೆ ನಿಂತು ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಿಂದ ಕುರುಬರ ಪ್ರಸಂಗವನ್ನು ಹೇಳುತ್ತಾನೆ. ನನಗೆ ಬಹಳ ಪ್ರಿಯವಾದ ಚಿತ್ರ, ಆದರೂ ನಿಮ್ಮ ಸಭೆಗೆ ಸೂಚಿಸಲಾರೆ, ಏಕೆಂದರೆ ಅದರ ಜೀವವೆಲ್ಲ ಇಂಗ್ಲಿಷ್ ಮಾತಿನಲ್ಲಿದೆ.

ಅದರ ಬದಲಿಗೆ ಹೀಗೆ ಮಾಡಬಹುದು. ಮೊದಲ ಕಿರುಚಿತ್ರ ಮುಗಿದ ಮೇಲೆ ಮೂಲೆಮನೆಯ ಹಿರಿಯರೊಬ್ಬರು ಅದೇ ಭಾಗವನ್ನು ಕನ್ನಡದಲ್ಲಿ ಐದು ನಿಮಿಷ ಹೇಳಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ನಮ್ಮ ಬಳ್ಳಾರಿಗೆ ಬಂದು ನೆಲೆಸಿ ಬೈಬಲನ್ನು ಕನ್ನಡಕ್ಕೆ ತಂದವರು, ಹೀಗಿರುವಾಗ ಈ ಊರಿನಲ್ಲಿ ಆ ಕಥೆಗೆ ಇಂಗ್ಲಿಷಿನ ಹಂಗೇಕೆ? ರಾತ್ರಿ ಹೊಲದಲ್ಲಿ ಮಂದೆ ಕಾಯುತ್ತಿದ್ದ ಕುರುಬರಿಗೆ ದೇವದೂತನು ಕಾಣಿಸಿಕೊಂಡನೆಂದರೆ ನಮ್ಮ ಮಕ್ಕಳಿಗೆ ಒಡನೆಯೇ ಚಿತ್ರ ಕಟ್ಟುತ್ತದೆ; ಸುಗ್ಗಿ ಮುಗಿದ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು ಕಂಬಳಿ ಹೊದ್ದು ಕೂತವರನ್ನು ಸಿರುಗುಪ್ಪದ ದಾರಿಯಲ್ಲಿ ಅವರು ನೋಡಿಯೇ ಇರುತ್ತಾರೆ. ಅದಾದ ಮೇಲೆ ಷಾನ್ ಕುರಿಯ ಚಿತ್ರ ಹಾಕಿದರೆ ಹೊಂದಾಣಿಕೆಯೂ ತಾನಾಗಿಯೇ ಆಗುತ್ತದೆ.

ಗಾಂಧಿನಗರದ ಗೃಹಿಣಿ, ಬಳ್ಳಾರಿ

ಎಲ್ಲರಿಗೂ ಅನಂತ ವಂದನೆಗಳು. ಎರಡು ಕಿರುಚಿತ್ರಗಳ ಸಲಹೆ ನನಗೆ ಪೂರ್ತಿ ಒಪ್ಪಿಗೆಯಾಗಿದೆ, ಮೂಲೆಮನೆಯ ಅಜ್ಜಿಯೇ ಕನ್ನಡದಲ್ಲಿ ಕಥೆ ಹೇಳುತ್ತೇನೆಂದು ಮುಂದೆ ಬಂದಿದ್ದಾರೆ. ಇನ್ನೆರಡು ಸಂಶಯಗಳಿವೆ. ಎರಡರಲ್ಲಿ ಯಾವುದನ್ನು ಮೊದಲು ತೋರಿಸಬೇಕು? ಚಿಕ್ಕವರನ್ನು ಮನೆಗೆ ಕಳುಹಿಸಿದ ಮೇಲೆ ಏಳೆಂಟು ವರ್ಷದ ನಾಲ್ಕೈದು ಮಂದಿ ಇನ್ನೊಂದು ಬೇಕೆಂದು ರಚ್ಚೆ ಹಿಡಿಯುವುದು ಖಂಡಿತ. ಅವರಿಗಾಗಿ 'ಪೋಲಾರ್ ಎಕ್ಸ್‌ಪ್ರೆಸ್' ಇಟ್ಟುಕೊಳ್ಳಬಹುದೇ? ರೈಲು ಎಂದರೆ ನನ್ನ ಮಗನಿಗೆ ಪ್ರಾಣ.

ಇಬ್ಬರು ಮಕ್ಕಳ ತಂದೆ, ರಾಯಚೂರು

ಮೇಡಂ, 2004ರ ಆ ಚಿತ್ರಕ್ಕೆ ಅಮೆರಿಕದಲ್ಲಿ ಎಲ್ಲ ವಯಸ್ಸಿನವರೂ ನೋಡಬಹುದೆಂಬ 'ಜಿ' ದರ್ಜೆ ಸಿಕ್ಕಿದೆ, ಆದರೂ ನಾನು ಹಿಂದೇಟು ಹಾಕುತ್ತೇನೆ. ನಟರ ಚಲನೆಯನ್ನು ಕಂಪ್ಯೂಟರಿಗೆ ಇಳಿಸಿ ಮಾಡಿದ ಚಿತ್ರವಾದ್ದರಿಂದ ಮುಖಗಳು ಮನುಷ್ಯರವೇ ಎಂಬಂತಿದ್ದರೂ ಕಣ್ಣುಗಳು ಒಂದು ಬಗೆಯ ನಿರ್ಜೀವ ಗಾಜಿನಂತಿವೆ, ಕೆಲವು ಮಕ್ಕಳು ಅದಕ್ಕೇ ಅಳುಕುತ್ತಾರೆ. ಮುರಿದ ಸೂತ್ರದ ಗೊಂಬೆಗಳು ತುಂಬಿದ ಬೋಗಿಯೊಳಗೆ ಹುಡುಗ ಒಬ್ಬನೇ ಸಿಕ್ಕಿಕೊಳ್ಳುವ ದೃಶ್ಯ ದೊಡ್ಡವರಿಗೂ ಹಿತವಾಗಿಲ್ಲ. ಇದಲ್ಲದೆ ಇಡೀ ಕಥೆ ನಿಂತಿರುವುದು ಸಾಂತಾ ನಿಜವೋ ಸುಳ್ಳೋ ಎಂಬ ಸಂದೇಹದ ಮೇಲೆ. ಉತ್ತರಧ್ರುವದಲ್ಲಿ ಜೀವವೇ ಇಲ್ಲವೆಂದು ಹುಡುಗ ವಿಶ್ವಕೋಶದಲ್ಲಿ ಓದುವುದರಿಂದಲೇ ಚಿತ್ರ ಶುರುವಾಗುತ್ತದೆ. ಆ ಸಂದೇಹವೇ ಇಲ್ಲದ ಮಗುವಿಗೆ ಅದನ್ನು ನಾವೇ ಯಾಕೆ ಕೊಡಬೇಕು? ಸಾಂತಾ ಮೂಲೆಮನೆಯ ಮಕ್ಕಳಿಗೆ ನಂಬಿಕೆ, ಉಳಿದವರಿಗೆ ಬರಿಯ ವೇಷ. ಪರದೆಯ ಮುಂದೆ ಆ ಚರ್ಚೆ ಎದ್ದರೆ ಬಾಯಿ ಮುಚ್ಚಿಸುವುದು ಕಷ್ಟ.

ಏಳೆಂಟು ವರ್ಷದವರಿಗೆ 2011ರ 'ಆರ್ಥರ್ ಕ್ರಿಸ್‌ಮಸ್' ಹೆಚ್ಚು ಹೊಂದುತ್ತದೆ. ಇದರಲ್ಲಿ ಸಾಂತಾ ಪದವಿ ವಂಶಪಾರಂಪರ್ಯವಾಗಿ ಬರುತ್ತದೆ. ಗತಕಾಲದ ಪ್ರತಾಪ ಹೇಳುತ್ತಾ ಕೂರುವ ತಾತ, ಕುರ್ಚಿ ಬಿಡಲೊಲ್ಲದ ತಂದೆ, ಎಲ್ಲವನ್ನೂ ಯಂತ್ರದಿಂದ ನಡೆಸುವ ದೊಡ್ಡ ಮಗ, ಯಾರೂ ಲೆಕ್ಕಕ್ಕಿಡದ ಚಿಕ್ಕ ಮಗ, ಇವರೆಲ್ಲ ಊಟದ ಮೇಜಿನ ಸುತ್ತ ಕೂತು ಆಟವೊಂದರ ನೆಪದಲ್ಲಿ ಜಗಳಕ್ಕೆ ಇಳಿಯುವ ದೃಶ್ಯ ನಮ್ಮ ಕೂಡುಕುಟುಂಬಗಳಲ್ಲಿ ಬೆಳೆದವರಿಗೆ ಚೆನ್ನಾಗಿ ನಾಟುತ್ತದೆ. ಒಂದು ಮಗುವಿಗೆ ಉಡುಗೊರೆ ತಲುಪಿಲ್ಲವೆಂದು ತಿಳಿದು ಚಿಕ್ಕ ಮಗ ತಾತನೊಡನೆ ಹಳೆಯ ಜಾರುಬಂಡಿಯಲ್ಲಿ ಹೊರಡುವುದೇ ಕಥೆ. ನಡುವೆ ಆಫ್ರಿಕದ ಸಿಂಹಗಳು ಎದುರಾದರೂ ಹೆದರಿಕೆ ನಗುವಿಗೆ ತಿರುಗುತ್ತದೆ.

2019ರ 'ಕ್ಲಾಸ್' (Klaus) ಇದಕ್ಕಿಂತಲೂ ಒಳ್ಳೆಯ ಚಿತ್ರವೆಂದು ನನ್ನ ಎಣಿಕೆ. ಸ್ಪೇನಿನ ಸೆರ್ಜಿಯೊ ಪಾಬ್ಲೋಸ್ ನಿರ್ದೇಶಿಸಿದ್ದು, ಕೈಯಿಂದಲೇ ಬರೆದ ಚಿತ್ರಗಳಿಗೆ ನೆರಳುಬೆಳಕಿನ ಹೊಸ ಸೊಬಗು ಕೊಟ್ಟಿದ್ದಾರೆ. ಸೋಮಾರಿ ಅಂಚೆಯವನೊಬ್ಬ ಒಂದು ವರ್ಷದಲ್ಲಿ 6,000 ಕಾಗದ ಬಟವಾಡೆ ಮಾಡಬೇಕೆಂಬ ಶಿಕ್ಷೆಗೆ ಗುರಿಯಾಗಿ, ಎರಡು ಮನೆತನಗಳು ತಲೆಮಾರುಗಳಿಂದ ಹೊಡೆದಾಡುತ್ತಿರುವ ಊರಿಗೆ ಬರುತ್ತಾನೆ. ಅಲ್ಲಿ ಉತ್ತರ ಯುರೋಪಿನ ಸಾಮಿ ಜನಾಂಗದ ಪುಟ್ಟ ಹುಡುಗಿಯೊಬ್ಬಳು ತನ್ನ ಭಾಷೆಯಲ್ಲಿ ಏನೇನೋ ಹೇಳುತ್ತಲೇ ಇರುತ್ತಾಳೆ, ಅವನಿಗೆ ಒಂದಕ್ಷರವೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಮೂರು ಭಾಷೆ ಕಲಸಿ ಆಡುವ ನಿಮ್ಮ ಓಣಿಯ ಮಕ್ಕಳು ಅವಳನ್ನು ಎಲ್ಲರಿಗಿಂತ ಮೊದಲು ಅರ್ಥಮಾಡಿಕೊಂಡಾರು. ಆದರೆ ಆರಂಭದ ಊರು ಕತ್ತಲೆಯದು, ಹೆಂಡತಿಯನ್ನು ಕಳೆದುಕೊಂಡ ಮುದುಕನ ದುಃಖವೂ ಇದೆ. ಆದ್ದರಿಂದ ತಡರಾತ್ರಿಯ ಮಾಳಿಗೆಗಿಂತ ಮರುದಿನ ಹಗಲು ಮನೆಯಲ್ಲಿ ದೊಡ್ಡವರ ಪಕ್ಕದಲ್ಲಿ ಕೂತು ನೋಡಲಿ.

ಶಿಶುವಿಹಾರದ ಶಿಕ್ಷಕಿ, ಸಿರುಗುಪ್ಪ

ಪಕ್ಕದಲ್ಲಿ ಕೂರುವ ವಿಷಯವನ್ನು ರಾಯಚೂರಿನ ಸರ್ ಹೇಳಿದ್ದು ಒಳ್ಳೆಯದಾಯಿತು. ಬೆಳಗಲ್ಲು ವೀರಣ್ಣನವರಂಥ ಕಲಾವಿದರು ಇದ್ದ ಜಿಲ್ಲೆ ನಮ್ಮದು. ತೊಗಲುಗೊಂಬೆಯಾಟದಲ್ಲಿ ಹತ್ತು ತಲೆಯ ರಾವಣ ಪರದೆಯ ಮೇಲೆ ಬಂದಾಗಲೂ ಚಿಕ್ಕವರು ಎದ್ದು ಓಡದೆ ಕೂತಿರುತ್ತಿದ್ದುದು ಅಜ್ಜಿಯ ಮಡಿಲಲ್ಲಿ ಇದ್ದುದರಿಂದಲೇ. ಮಕ್ಕಳನ್ನೆಲ್ಲ ಮುಂದೆ ಸಾಲಾಗಿ ಕೂರಿಸಿ ಹಿರಿಯರು ಹಿಂದೆ ಕುರ್ಚಿ ಹಾಕಿಕೊಂಡು ಮೊಬೈಲ್ ನೋಡುತ್ತಾ ಕೂತರೆ ಎಷ್ಟು ಸೌಮ್ಯವಾದ ಚಿತ್ರವಾದರೂ ಪ್ರಯೋಜನವಿಲ್ಲ. ಐದರ ಕೆಳಗಿನ ಪ್ರತಿ ಮಗುವಿನ ಮಗ್ಗುಲಲ್ಲಿ ಅದರ ಮನೆಯವರೊಬ್ಬರು ಚಾಪೆಯ ಮೇಲೆಯೇ ಇರಲಿ.

ಕ್ರಮದ ಬಗ್ಗೆ ಕೇಳಿದ್ದೀರಿ. 'ಸ್ನೋಮ್ಯಾನ್' ಮೊದಲು ಇರಲಿ. ಕತ್ತಲಾದೊಡನೆ, ಮಕ್ಕಳು ಇನ್ನೂ ದಣಿಯದೆ ಇರುವಾಗ ಆ ಮೌನವನ್ನು ಅವರು ತಾಳಿಕೊಳ್ಳುತ್ತಾರೆ, ಕೊನೆಯಲ್ಲಿ ಯಾರಾದರೂ ಅತ್ತರೆ ಸಮಾಧಾನ ಮಾಡಲು ಹೊತ್ತೂ ಸಿಗುತ್ತದೆ. ಅಳುವ ಮಗುವಿಗೆ, ರಾತ್ರಿ ನಡೆದದ್ದೆಲ್ಲ ಕನಸೇ ಆಗಿದ್ದರೆ ಗೊಂಬೆಯೊಡನೆ ಹೋದಾಗ ಸಾಂತಾ ಕೊಟ್ಟ ಶಾಲು ಹುಡುಗನ ಜೇಬಿನಲ್ಲಿ ಹೇಗೆ ಉಳಿಯಿತು ಎಂದು ಕೇಳಿ. ಚಿತ್ರದಲ್ಲೇ ಅದು ಇದೆ, ಬಹಳ ಮಕ್ಕಳು ಗಮನಿಸಿರುವುದಿಲ್ಲ. ಆಮೇಲೆ ಅಜ್ಜಿಯ ಕಥೆ, ತಿಂಡಿ, ಕೊನೆಗೆ ಷಾನ್. ಪರದೆ ಕಟ್ಟಿ, ಹಿಂದಿನ ದಿನ ಸಂಜೆಯೇ ಎರಡು ನಿಮಿಷ ಹಾಕಿ ನೋಡಿ. ಮಾತಿಲ್ಲದ ಚಿತ್ರಕ್ಕೆ ಸಂಗೀತವೇ ಸಂಭಾಷಣೆಯಾದ್ದರಿಂದ ಪ್ರೊಜೆಕ್ಟರಿನ ಪುಟ್ಟ ಸ್ಪೀಕರ್ ಸಾಲದು, ಬೇರೆ ಸ್ಪೀಕರ್ ಜೋಡಿಸಿಕೊಳ್ಳಬೇಕು. ಚಿತ್ರಗಳನ್ನು ವೇದಿಕೆಯ ಡೌನ್‌ಲೋಡ್ ಸೌಲಭ್ಯದಲ್ಲಿ ಮುಂಚೆಯೇ ಇಳಿಸಿಟ್ಟುಕೊಳ್ಳಿ, ಹಬ್ಬದ ರಾತ್ರಿ ನೆಟ್‌ವರ್ಕನ್ನು ನೆಚ್ಚುವಂತಿಲ್ಲ.